ಹುರಿಯುವುದು ಮತ್ತು ಕರಿಯುವುದು: ನಮ್ಮ ಒಲೆಯ ಎರಡು ಮಾತುಗಳ ಚರಿತ್ರೆ

ರಾಜ್ಯೋತ್ಸವದ ಸಂಚಿಕೆಯಲ್ಲಿ ಚರಿತ್ರೆ ಎಂದೊಡನೆ ಕದಂಬರು, ಚಾಲುಕ್ಯರು, ಹೊಯ್ಸಳರು, ವಿಜಯನಗರದ ಅರಸರು ಸಾಲಾಗಿ ಬಂದು ನಿಲ್ಲುವುದು ವಾಡಿಕೆ. ಅದು ಸರಿಯಾದದ್ದೇ. ಆದರೆ ಅರಸರ ಚರಿತ್ರೆಯನ್ನು ಬರೆಯಲು ವಿದ್ವಾಂಸರಿದ್ದಾರೆ. ಬ್ಯಾಂಕಿನ ಮೇಜಿನ ಮುಂದೆ ಕುಳಿತು ಜಮೆ-ಖರ್ಚು ಬರೆಯುವ ನನ್ನಂಥವನಿಗೆ ಅಷ್ಟು ದೊಡ್ಡ ಭಾರ ಸಲ್ಲದು. ಅರಸರಂತೆ ಮಾತುಗಳಿಗೂ ಚರಿತ್ರೆಯುಂಟು. ಅರಸರು ಅಳಿದರೂ ಮಾತುಗಳು ಉಳಿದಿವೆ. ದಿನಕ್ಕೆ ಹತ್ತು ಸಲ ನಮ್ಮ ಮನೆಗಳಲ್ಲಿ ಕೇಳಿಬರುವ ಎರಡು ಸಣ್ಣ ಕ್ರಿಯಾಪದಗಳ ವಿಚಾರವನ್ನು ಓದುಗರ ಮುಂದಿಡುತ್ತೇನೆ. ಒಂದು ‘ಹುರಿ’, ಇನ್ನೊಂದು ‘ಕರಿ’.

ಇವೆರಡರ ವ್ಯತ್ಯಾಸವನ್ನು ಕನ್ನಡಿಗರಿಗೆ ಹೇಳಿಕೊಡಬೇಕೇ ಎಂದು ಕೆಲವರು ನಗಬಹುದು. ಊರಿನಲ್ಲಿದ್ದರೆ ಹೇಳಿಕೊಡಬೇಕಾದುದಿಲ್ಲ. ಹೊರನಾಡಿನಲ್ಲಿರುವ ನಮ್ಮ ಮನೆಗಳಲ್ಲಿ ಹೇಳಿಕೊಡಬೇಕಾದ ಕಾಲ ಬಂದಿದೆ. ಏಕೆಂಬುದನ್ನು ಮುಂದೆ ನೋಡೋಣ. ಮೊದಲು ಅರ್ಥವನ್ನು ಖಚಿತಮಾಡಿಕೊಳ್ಳುವ.

ಪಾತ್ರೆಯ ಕಾವನ್ನೇ ನಂಬಿ, ಎಣ್ಣೆಯಿಲ್ಲದೆಯೋ ಒಂದೆರಡು ಚಮಚ ಎಣ್ಣೆ-ತುಪ್ಪ ಸವರಿಯೋ, ಕೈಬಿಡದೆ ಆಡಿಸುತ್ತ ಪದಾರ್ಥದ ಹಸಿತನವನ್ನು ತೆಗೆಯುವುದು ಹುರಿಯುವುದು. ರವೆಯನ್ನು ಹುರಿಯುತ್ತೇವೆ, ಮೆಂತ್ಯವನ್ನು ಹುರಿಯುತ್ತೇವೆ, ಕಡಲೆಕಾಯಿ ಬೀಜವನ್ನು ಹುರಿಯುತ್ತೇವೆ. ಪದಾರ್ಥ ಮುಳುಗುವಷ್ಟು ಎಣ್ಣೆಯನ್ನು ಬಾಣಲೆಯಲ್ಲಿ ಕಾಯಿಸಿ, ಅದರೊಳಗೆ ಬಿಟ್ಟು ತೆಗೆಯುವುದು ಕರಿಯುವುದು. ಚಕ್ಕುಲಿಯನ್ನು ಕರಿಯುತ್ತೇವೆ, ವಡೆಯನ್ನು ಕರಿಯುತ್ತೇವೆ, ಸಂಡಿಗೆಯನ್ನು ಕರಿಯುತ್ತೇವೆ. ರವೆಯನ್ನು ಕರಿದವರುಂಟೇ? ಚಕ್ಕುಲಿಯನ್ನು ಹುರಿದವರುಂಟೇ? ಹಾಗೆಂದರೆ ಐದು ವರ್ಷದ ಮಗುವೂ ನಕ್ಕೀತು. ಒಂದರಲ್ಲಿ ಕಾವನ್ನು ಕೊಡುವುದು ಲೋಹ ಅಥವಾ ಮಣ್ಣು, ಇನ್ನೊಂದರಲ್ಲಿ ಎಣ್ಣೆ. ಇಷ್ಟೇ ಭೇದ. ಆದರೆ ಈ ಭೇದದ ಹಿಂದೆ ಒಂದು ನಾಡಿನ ಬಡತನ, ಸಿರಿತನ, ಹಬ್ಬ, ಪ್ರಯಾಣ ಎಲ್ಲವೂ ಅಡಗಿವೆ.

ನಮ್ಮ ತಾಯಂದಿರು ಈ ಎರಡು ಕೆಲಸಗಳನ್ನು ಅಳೆಯುತ್ತಿದ್ದ ಬಗೆಯೇ ಬೇರೆ ಬೇರೆ. ಹುರಿಯುವುದಕ್ಕೆ ಗಡಿಯಾರ ಮೂಗು. ‘ಹಸಿವಾಸನೆ ಹೋಗುವ ತನಕ ಹುರಿ’, ‘ಘಮ್ಮೆನ್ನುವ ತನಕ ಹುರಿ’ ಎನ್ನುವರು. ಕರಿಯುವುದಕ್ಕೆ ಗಡಿಯಾರ ಕಿವಿ. ‘ಎಣ್ಣೆಯ ಸದ್ದು ಅಡಗಿದ ಮೇಲೆ ತೆಗೆ’ ಎನ್ನುವರು. ಇದು ಬರಿಯ ಅಂದಾಜಲ್ಲ. ನೀರು ಆವಿಯಾಗುವುದು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಕರಿಯುವ ಎಣ್ಣೆ ಸುಮಾರು 170ರಿಂದ 190 ಡಿಗ್ರಿಯವರೆಗೆ ಕಾದಿರುತ್ತದೆ. ಹಿಟ್ಟಿನೊಳಗಿನ ನೀರು ಆವಿಯಾಗಿ ಗುಳ್ಳೆಯೆದ್ದು ಹೊರಬರುವ ಸದ್ದೇ ಆ ಚೊಯ್ಯೆಂಬ ಸದ್ದು. ನೀರು ಮುಗಿಯುತ್ತ ಬಂದಂತೆ ಸದ್ದೂ ಇಳಿಯುತ್ತದೆ. ಉಷ್ಣಮಾಪಕವನ್ನೇ ಕಾಣದ ಅಜ್ಜಿಯರು ಈ ಶಾಸ್ತ್ರವನ್ನು ಕಿವಿಯಿಂದಲೇ ಅರಿತಿದ್ದರು.

ಈ ಎರಡು ಮಾತುಗಳ ಅಕ್ಕಪಕ್ಕದಲ್ಲಿ ಬೇರೆ ಬಂಧುಗಳೂ ಇದ್ದಾರೆ. ನೀರಿನಲ್ಲಿಯೋ ಹಬೆಯಲ್ಲಿಯೋ ಮೆತ್ತಗಾಗಿಸುವುದು ಬೇಯಿಸುವುದು. ಬೆಂಕಿಗೇ ಒಡ್ಡುವುದು ಸುಡುವುದು. ಸೊಪ್ಪು-ಈರುಳ್ಳಿಗಳನ್ನು ಸ್ವಲ್ಪ ಎಣ್ಣೆಯಲ್ಲಿ ಮೆತ್ತಗೆ ಮಾಡುವುದು ಬಾಡಿಸುವುದು. ಒಂದೇ ಹಪ್ಪಳವನ್ನು ಕೆಂಡದ ಮೇಲಿಟ್ಟರೆ ಅದು ಸುಟ್ಟ ಹಪ್ಪಳ. ಎಣ್ಣೆಗೆ ಬಿಟ್ಟರೆ ಕರಿದ ಹಪ್ಪಳ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಗೆ ಹೋದವರು ಹಸಿಯದು, ಹುರಿದದ್ದು, ಬೇಯಿಸಿದ್ದು ಎಂಬ ರಾಶಿಗಳನ್ನು ಕಂಡಿರುತ್ತಾರೆ. ವಸ್ತು ಒಂದೇ, ಕ್ರಿಯಾಪದ ಬದಲಾದರೆ ರುಚಿ ಬದಲಾಯಿತು, ಬಣ್ಣ ಬದಲಾಯಿತು, ಕೆಡದೆ ನಿಲ್ಲುವ ದಿನಗಳ ಲೆಕ್ಕವೂ ಬದಲಾಯಿತು.

ಈಗ ‘ಹುರಿ’ ಎಂಬ ಮಾತಿನ ವಂಶವನ್ನು ನೋಡೋಣ. ಹಳಗನ್ನಡದಲ್ಲಿ ಇದು ‘ಪುರಿ’. ಹಳಗನ್ನಡದಲ್ಲಿ ಮಾತಿನ ಮೊದಲಲ್ಲಿದ್ದ ‘ಪ’ಕಾರವು ಹತ್ತನೆಯ ಶತಮಾನದಿಂದ ಈಚೆಗೆ ಮೆಲ್ಲಮೆಲ್ಲನೆ ‘ಹ’ಕಾರಕ್ಕೆ ತಿರುಗಿದ್ದು ನಮ್ಮ ಭಾಷೆಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಪಾಲು ಹಾಲಾಯಿತು, ಪೂವು ಹೂವಾಯಿತು, ಪುಲಿ ಹುಲಿಯಾಯಿತು. ಹದಿನಾಲ್ಕನೆಯ ಶತಮಾನದ ವೇಳೆಗೆ ಈ ಬದಲಾವಣೆ ಬಹುಮಟ್ಟಿಗೆ ಪೂರ್ತಿಯಾಗಿತ್ತು. ಅದರಂತೆಯೇ ಪುರಿಯೂ ಹುರಿಯಾಯಿತು. ಹುರಿಗಡಲೆ, ಹುರಿಗಾಳು, ಹುರಿಹಿಟ್ಟು ಎಲ್ಲವೂ ಈ ಹೊಸ ರೂಪದ ಮಕ್ಕಳು.

ಆದರೆ ಒಂದು ಚೋದ್ಯ ನೋಡಿರಿ. ಮೈಸೂರು-ಬೆಂಗಳೂರು ಕಡೆಯವರು ಸಂಜೆಯ ಹೊತ್ತು ಪೊಟ್ಟಣ ಕಟ್ಟಿಸಿಕೊಂಡು ಬರುವುದು ‘ಕಡಲೆಪುರಿ’. ಇಲ್ಲಿ ‘ಪ’ಕಾರ ಕದಲದೆ ಕುಳಿತಿದೆ! ಅಕ್ಕಿಯನ್ನು ಹುರಿದು ಅರಳಿಸಿದ ಪದಾರ್ಥವೇ ಪುರಿ. ನೆರೆಯ ತಮಿಳಿನಲ್ಲಿ ಅದೇ ವಸ್ತುವಿಗೆ ‘ಪೊರಿ’ ಎನ್ನುತ್ತಾರೆ. ಹೀಗೆ ಒಂದೇ ಧಾತುವಿನ ಹಳೆಯ ಮುಖ ಅಂಗಡಿಯ ಪೊಟ್ಟಣದಲ್ಲಿಯೂ ಹೊಸ ಮುಖ ಮನೆಯ ಬಾಣಲೆಯಲ್ಲಿಯೂ ಇಂದಿಗೂ ಕಾಣುತ್ತವೆ. ಉತ್ತರ ಕರ್ನಾಟಕದವರಿಗೆ ಇದು ಚುರುಮುರಿ, ಮಧ್ಯ ಕರ್ನಾಟಕದವರಿಗೆ ಮಂಡಕ್ಕಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೆಸರನ್ನು ಕೇಳದ ಕನ್ನಡಿಗರು ವಿರಳ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿಮಾಡಿ, ಉಪ್ಪುನೀರು ಬೆರೆಸಿ, ಕಾದ ಮರಳಿನಲ್ಲಿ ಹುರಿದಾಗ ಅದು ಅರಳುತ್ತದೆ. ಅಲ್ಲಿಯೂ ಎಣ್ಣೆಯ ಮಾತಿಲ್ಲ; ಮರಳಿನ ಕಾವೇ ಸರ್ವಸ್ವ.

ಮಧ್ಯಾಹ್ನ ಬ್ಯಾಂಕಿನಲ್ಲಿ ಡಬ್ಬಿ ಬಿಚ್ಚುವ ವೇಳೆಗೆ ನಮ್ಮ ಮೇಜಿನ ಸುತ್ತ ನಾಲ್ಕಾರು ಭಾಷೆಗಳು ಸೇರುತ್ತವೆ. ಮುಂಬಯಿಯಲ್ಲಿ ಇದು ಹೊಸತಲ್ಲ. ಅಲ್ಲಿ ಕೇಳಿ ತಿಳಿದು, ಆಮೇಲೆ ನಿಘಂಟುಗಳನ್ನು ತೆರೆದು ನೋಡಿದ ಸಂಗತಿಗಳು ಸ್ವಾರಸ್ಯವಾಗಿವೆ. ತಮಿಳರ ‘ಪೊರಿ’ ಎಂಬ ಕ್ರಿಯಾಪದ ನಮ್ಮ ‘ಹುರಿ’ಯ ಒಡಹುಟ್ಟು. ಬರೋ ಮತ್ತು ಎಮೆನೋ ಎಂಬ ಇಬ್ಬರು ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ನಿಘಂಟಿನಲ್ಲಿ ಇವೆರಡೂ ಒಂದೇ ಮನೆಯಲ್ಲಿ ನಿಂತಿವೆ. ಆದರೆ ಚೆನ್ನೈಯಲ್ಲಿ ಅಪ್ಪಳವನ್ನು ‘ಪೊರಿ’ಯುವುದೆಂದರೆ ಎಣ್ಣೆಯಲ್ಲಿ ಮುಳುಗಿಸಿ ತೆಗೆಯುವುದು, ಎಂದರೆ ನಮ್ಮ ಕರಿಯುವುದು! ಅವರ ‘ಪೊರಿಯಲ್’ ನಮ್ಮ ಪಲ್ಯ. ಒಣದಾಗಿ ಹುರಿಯುವುದಕ್ಕೆ ಅವರು ಸಾಮಾನ್ಯವಾಗಿ ಹೇಳುವುದು ‘ವಱು’ ಎಂಬ ಬೇರೆಯ ಮಾತು. ತಮಿಳುನಾಡಿಗೆ ಹೋಗಿ ನೆಲಸಿದ ನಮ್ಮ ಹೆಣ್ಣುಮಕ್ಕಳು ಮೊದಲ ತಿಂಗಳಲ್ಲಿ ನೆರೆಮನೆಯಾಕೆ ಹೇಳಿದ ಪಾಕವನ್ನು ತಪ್ಪಾಗಿ ತಿಳಿಯುವುದಕ್ಕೆ ಇದೇ ಕಾರಣ. ಮಾತು ಹತ್ತಿರದ್ದು, ಅರ್ಥ ದೂರದ್ದು.

ಇದನ್ನು ಕೇಳಿ ತಮಿಳರು ಅರ್ಥವನ್ನು ಕೆಡಿಸಿದರೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಕನ್ನಡದಲ್ಲಿಯೇ ಹವ್ಯಕರ ಮನೆಮಾತಿನಲ್ಲಿ ಎಣ್ಣೆಯಲ್ಲಿ ಕರಿಯುವುದಕ್ಕೆ ‘ಹೊರಿ’ ಎನ್ನುವ ರೂಢಿಯಿದೆ. ಅವರು ಹಪ್ಪಳವನ್ನು ‘ಹೊರಿಯು’ತ್ತಾರೆ. ಎಂದರೆ, ಬಹು ಹಿಂದೆ ಈ ಧಾತುವಿಗೆ ‘ಕಾವಿನಿಂದ ಅರಳಿಸು, ಗರಿಗರಿಯಾಗಿಸು’ ಎಂಬ ಅಗಲವಾದ ಅರ್ಥವಿದ್ದಿರಬೇಕು. ಒಂದೊಂದು ಸೀಮೆಯವರು ಆ ಅಗಲವಾದ ಹೊಲವನ್ನು ಒಂದೊಂದು ಬಗೆಯಲ್ಲಿ ಪಾಲುಮಾಡಿಕೊಂಡರು. ನಮ್ಮಲ್ಲಿ ಬಹುಮಂದಿ ಎಣ್ಣೆಯ ಪಾಲನ್ನು ‘ಕರಿ’ಗೆ ಕೊಟ್ಟು, ಒಣ ಪಾಲನ್ನು ‘ಹುರಿ’ಗೆ ಉಳಿಸಿಕೊಂಡರು. ಈ ಪಾಲುಪಟ್ಟಿ ಅಚ್ಚುಕಟ್ಟಾದದ್ದು.

ಹೈದರಾಬಾದಿನ ಕಡೆಗೆ ತಿರುಗಿದರೆ ಇನ್ನೊಂದು ವಿಚಿತ್ರ. ತೆಲುಗಿನಲ್ಲಿ ‘ವೇಯಿಂಚು’ ಎಂಬ ಒಂದೇ ಮಾತು ಎರಡಕ್ಕೂ ನಡೆಯುತ್ತದೆ. ಶೇಂಗಾವನ್ನು ಒಣದಾಗಿ ಹುರಿಯುವುದೂ ವೇಯಿಂಚುವುದೇ, ಎಣ್ಣೆಯಲ್ಲಿ ಕರಿಯುವುದೂ ವೇಯಿಂಚುವುದೇ. ಭೇದ ಬೇಕಾದರೆ ‘ಎಣ್ಣೆಯಲ್ಲಿ’ ಎಂದು ಸೇರಿಸಿ ಹೇಳಬೇಕು. ಈ ವೇಯಿಂಚು ಯಾರ ನೆಂಟನೆಂದು ಬಲ್ಲಿರಾ? ನಮ್ಮ ‘ಬೇಯಿಸು’ವಿನ ನೆಂಟ! ಮೂಲದ ‘ವೇ’ ಎಂಬ ಧಾತುವಿಗೆ ಕಾವೇರು, ಬೇಯು ಎಂಬ ಅರ್ಥ. ಮಾತಿನ ಮೊದಲ ‘ವ’ಕಾರ ಕನ್ನಡದಲ್ಲಿ ‘ಬ’ಕಾರವಾಗುವುದು ವಾಡಿಕೆ, ತಮಿಳಿನ ‘ವೀಡು’ ನಮ್ಮಲ್ಲಿ ‘ಬೀಡು’ ಆದಂತೆ. ಹೀಗೆ ‘ವೇ’ ನಮ್ಮಲ್ಲಿ ‘ಬೇ’ ಆಗಿ ನೀರಿನ ಪಾತ್ರೆಯನ್ನು ಸೇರಿತು. ತೆಲುಗಿನಲ್ಲಿ ಬಾಣಲೆಯನ್ನು ಏರಿತು. ತೆಲುಗರ ‘ವೇಪುಡು’ ಪಲ್ಯವನ್ನು ತಿನ್ನುವಾಗ ನಮ್ಮ ‘ಬೇಯು’ವಿನ ಅಣ್ಣನ ಮನೆಯಲ್ಲಿ ಉಣ್ಣುತ್ತಿದ್ದೇವೆಂದು ನೆನೆಯಬಹುದು.

ಮುಂಬಯಿ-ಪುಣೆಗಳ ಕನ್ನಡಿಗರಿಗೆ ಈ ತೊಡಕಿಲ್ಲ. ಮರಾಠಿಯ ‘ಭಾಜಣೆ’ ಮತ್ತು ‘ತಳಣೆ’ ನಮ್ಮ ಹುರಿ-ಕರಿಗಳಿಗೆ ಸರಿಸುಮಾರಾಗಿ ಹೊಂದುತ್ತವೆ. ಚಕಲಿಗೆಂದು ಹುರಿದು ಬೀಸಿದ ಹಿಟ್ಟಿಗೆ ಅವರು ‘ಭಾಜಣಿ’ ಎನ್ನುತ್ತಾರೆ. ಆಮೇಲೆ ಆ ಚಕಲಿಯನ್ನು ‘ತಳ’ಯುತ್ತಾರೆ. ಒಂದೇ ತಿಂಡಿಯಲ್ಲಿ ಎರಡೂ ಕ್ರಿಯಾಪದಗಳು ಒಂದರ ಹಿಂದೊಂದು ಬರುತ್ತವೆ. ನಮ್ಮ ಚಕ್ಕುಲಿಗೂ ಉದ್ದನ್ನು ಹುರಿದು, ಹಿಟ್ಟುಮಾಡಿ, ಒತ್ತಿ, ಕರಿಯುವುದಿಲ್ಲವೇ? ದೆಹಲಿಯವರ ‘ಭೂನ್‌ನಾ’, ‘ತಲ್‌ನಾ’ಗಳೂ ಹೀಗೆಯೇ. ಭಾಷೆಯ ಕುಲ ಬೇರೆಯಾದರೂ ಒಲೆಯ ಮುಂದಿನ ವಿವೇಕ ಒಂದೇ ಎಂಬುದಕ್ಕೆ ಇದು ಸಾಕ್ಷಿ.

ಈ ಎರಡರಲ್ಲಿ ಯಾವುದು ಹಿರಿದು? ಹುರಿಯುವುದೇ ಹಿರಿದೆಂದು ಹೇಳಲು ಆಧಾರಗಳಿವೆ. ಋಗ್ವೇದದಲ್ಲಿಯೇ ‘ಧಾನಾ’ ಎಂಬ ಹುರಿದ ಜವೆಯ ಪ್ರಸ್ತಾಪವಿದೆ. ‘ಸಕ್ತು’ ಎಂಬ ಹುರಿಹಿಟ್ಟು ಉತ್ತರದಲ್ಲಿ ಇಂದಿಗೂ ‘ಸತ್ತು’ ಎಂಬ ಹೆಸರಿನಿಂದ ಬಡವರ ಬುತ್ತಿಯಾಗಿದೆ. ಮದುವೆಯಲ್ಲಿ ನಡೆಯುವ ಲಾಜಾಹೋಮವನ್ನು ನೆನೆಯಿರಿ. ಮದುಮಗಳ ಬೊಗಸೆಗೆ ಅವಳ ಸೋದರನು ಹಾಕುವ ‘ಲಾಜ’ವೆಂದರೆ ಭತ್ತವನ್ನು ಹುರಿದು ಮಾಡಿದ ಅರಳು. ಮದುವೆಯ ಅಗ್ನಿಗೆ ಅರ್ಪಿಸುವುದು ಹುರಿದದ್ದನ್ನು, ಕರಿದದ್ದನ್ನಲ್ಲ. ಸಾವಿನ ಮೆರವಣಿಗೆಯಲ್ಲಿಯೂ ಹಳೆಯ ಮೈಸೂರಿನ ಕಡೆ ದಾರಿಯುದ್ದಕ್ಕೂ ಎರಚುವುದು ಪುರಿಯನ್ನೇ. ಒಗತನದ ಮೊದಲಿಗೂ ಬದುಕಿನ ಕೊನೆಗೂ ಹುರಿದ ಕಾಳು ಸಾಕ್ಷಿಯಾಗಿ ನಿಂತಿದೆ.

ಹುರಿಯುವುದಕ್ಕೆ ಬೇಕಾದುದು ಬೆಂಕಿ, ಒಂದು ಹಂಚು ಅಥವಾ ಒಡೆದ ಮಡಕೆಯ ಓಡು, ಇಷ್ಟೇ. ಕರಿಯುವುದಕ್ಕೆ ಎಣ್ಣೆ ಬೇಕು, ಅದೂ ಬಾಣಲೆ ತುಂಬ ಬೇಕು. ‘ಎಣ್ಣೆ’ ಎಂಬ ಮಾತೇ ‘ಎಳ್’ ಮತ್ತು ‘ನೆಯ್’ ಸೇರಿ ಆದದ್ದು, ಎಂದರೆ ಎಳ್ಳಿನ ಜಿಡ್ಡು. ಎಳ್ಳನ್ನು ಬೆಳೆದು, ಗಾಣಕ್ಕೆ ಹಾಕಿ, ಎತ್ತನ್ನು ಸುತ್ತಿಸಿ ತೆಗೆದ ಎಣ್ಣೆ ಅಗ್ಗದ ವಸ್ತುವಾಗಿರಲಿಲ್ಲ. ನಮ್ಮ ನಾಡಿನ ಶಾಸನಗಳಲ್ಲಿ ದೇಗುಲದ ನಂದಾದೀವಿಗೆಗೆ ಗಾಣದಿಂದ ಇಂತಿಷ್ಟು ಸೊಲ್ಲಗೆ ಎಣ್ಣೆಯೆಂದು ದತ್ತಿಬಿಟ್ಟ ವಿಷಯ ಮತ್ತೆ ಮತ್ತೆ ಬರುತ್ತದೆ. ಅಳೆದು ದೇವರಿಗೆ ದಾನಮಾಡುವಷ್ಟು ಬೆಲೆಯುಳ್ಳ ವಸ್ತುವನ್ನು ಬಡವನು ದಿನವೂ ಬಾಣಲೆಗೆ ಸುರಿಯುವುದುಂಟೇ? ಆದುದರಿಂದ ಕರಿದದ್ದು ಹಬ್ಬಕ್ಕೆ, ಮದುವೆಗೆ, ಅಳಿಯ ಬಂದ ದಿನಕ್ಕೆ. ಹುರಿದದ್ದು ನಿತ್ಯಕ್ಕೆ ಮತ್ತು ದಾರಿಗೆ.

ದಾರಿಯ ಮಾತು ಬಂದುದರಿಂದ ಹೇಳಬೇಕು. ನಮ್ಮ ಹಿರಿಯರು ಜಾತ್ರೆಗೋ ಯಾತ್ರೆಗೋ ಕೆಲಸ ಹುಡುಕಿ ಪರಸ್ಥಳಕ್ಕೋ ಹೊರಟಾಗ ಗಂಟಿನಲ್ಲಿ ಕಟ್ಟಿಕೊಂಡದ್ದು ಹುರಿಹಿಟ್ಟು, ತಂಬಿಟ್ಟು, ಹುರಿಗಾಳು. ನೀರಿನ ಹಸಿ ಹೋದ ಕಾಳು ಬೇಗ ಕೆಡುವುದಿಲ್ಲ, ಒಲೆ ಹೂಡಬೇಕಾಗಿಲ್ಲ, ಬೆಲ್ಲ-ನೀರು ಸಿಕ್ಕರೆ ಊಟವಾಯಿತು. ಹೊರನಾಡಿಗೆ ಬಂದ ಮೊದಲ ತಲೆಮಾರಿನ ಎಷ್ಟೋ ಕುಟುಂಬಗಳ ಪ್ರಯಾಣ ನಡೆದದ್ದು ಹುರಿದ ಬುತ್ತಿಯ ಬಲದಿಂದ. ‘ಹುರಿ’ ಎಂಬುದು ವಲಸೆಗಾರನ ಕ್ರಿಯಾಪದವೆಂದರೆ ಅತಿಶಯೋಕ್ತಿಯಾಗದು. ‘ಹುರಿದ ಬೀಜ ಮೊಳೆತೀತೇ’ ಎಂಬ ಗಾದೆಯ ಮಾತೂ ಇದೆ. ಕಾಳನ್ನು ಕಾಪಾಡುವ ಹುರಿಯುವಿಕೆಯೇ ಅದರ ಮೊಳಕೆಯನ್ನು ಕೊಲ್ಲುತ್ತದೆ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವವರು ಈ ಗಾದೆಯನ್ನು ತುಸು ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನು ಗ್ರಂಥಗಳ ಸಾಕ್ಷ್ಯ. ಪಾಕದ ವಿಚಾರದಲ್ಲಿ ಕನ್ನಡ ನಾಡು ಬಡವಲ್ಲ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಬೇಸಾಯ, ವೈದ್ಯ, ಜ್ಯೋತಿಷಗಳೊಡನೆ ಅಡಿಗೆಯ ವಿಷಯವೂ ಇದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣ ಅರಮನೆಯ ಅಡಿಗೆಯ ಭಂಡಾರವೇ ಸರಿ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನೇ ಬರೆದನು. ಚಕ್ರವರ್ತಿಯಾದವನು ಅಡಿಗೆಯ ಬಗೆಗೆ ಬರೆಯುವುದು ಹಗುರವೆಂದು ಎಣಿಸದ ನಾಡು ನಮ್ಮದು.

ಈ ಗ್ರಂಥಗಳಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಬೇಕಾದ ಒಂದು ಸಂಗತಿಯಿದೆ. ಅದು ಇಡ್ಡಲಿಯ ಕಥೆ. 920ರ ಸುಮಾರಿನ ಶಿವಕೋಟ್ಯಾಚಾರ್ಯನ ‘ವಡ್ಡಾರಾಧನೆ’ಯಲ್ಲಿಯೇ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಹೆಸರನ್ನು ಕಂಡು ನಾವು ಹಿಗ್ಗುತ್ತೇವೆ. ಆದರೆ ಲೋಕೋಪಕಾರದ ಇಡ್ಡಲಿಗೆಗೆ ಮಜ್ಜಿಗೆಯಲ್ಲಿ ನೆನೆಸಿ ಅರೆದ ಉದ್ದು, ಜೊತೆಗೆ ಕೊತ್ತಂಬರಿ, ಜೀರಿಗೆ, ಮೆಣಸು, ಇಂಗು. ಅಕ್ಕಿಯ ಸುಳಿವಿಲ್ಲ. ಮಾನಸೋಲ್ಲಾಸದ ‘ಇಡ್ಡರಿಕಾ’ ಇನ್ನೂ ಬೇರೆ: ಉದ್ದಿನ ಹಿಟ್ಟಿನ ಸಣ್ಣ ಉಂಡೆಗಳನ್ನು ತುಪ್ಪದಲ್ಲಿ ಕರಿದು, ಮೇಲೆ ಮೆಣಸು, ಜೀರಿಗೆ, ಇಂಗಿನ ಪುಡಿಯನ್ನು ಉದುರಿಸುತ್ತಿದ್ದರು. ಎಂದರೆ ಚಾಲುಕ್ಯ ಚಕ್ರವರ್ತಿ ಮೆದ್ದ ಇಡ್ಡರಿಕೆಯನ್ನು ಇಂದು ನಮ್ಮ ಮುಂದಿಟ್ಟರೆ ನಾವು ಅದನ್ನು ವಡೆಯ ಕುಲಕ್ಕೆ ಸೇರಿಸುತ್ತಿದ್ದೆವು! ಒಂಬತ್ತು ನೂರು ವರ್ಷಗಳಲ್ಲಿ ಹೆಸರು ಉಳಿಯಿತು, ಕ್ರಿಯಾಪದ ಬದಲಾಯಿತು. ಕರಿಯುತ್ತಿದ್ದುದು ಹಬೆಯಲ್ಲಿ ಬೇಯುವಂತಾಯಿತು. ರಾಜಭೋಗ ಹೋಗಿ ರೋಗಿಗೂ ಕೂಸಿಗೂ ಒಗ್ಗುವ ಆಹಾರವಾಯಿತು. ತಿಂಡಿಯ ಚರಿತ್ರೆಯನ್ನು ಹೆಸರಿನಿಂದ ತಿಳಿಯಲಾಗದು, ಕ್ರಿಯಾಪದದಿಂದ ತಿಳಿಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಚಕ್ಕುಲಿ ಎಂಬ ಹೆಸರು ಸಂಸ್ಕೃತದ ‘ಶಷ್ಕುಲಿ’ಯಿಂದ ಬಂದದ್ದು. ಅದು ಅಂದೂ ಕರಿದ ತಿಂಡಿ, ಇಂದೂ ಕರಿದ ತಿಂಡಿ. ಹೆಸರೂ ಕ್ರಿಯಾಪದವೂ ಕೈಹಿಡಿದು ನಡೆದುಬಂದಿವೆ.

ಹೊಸ ವಸ್ತುಗಳು ಬಂದಾಗ ನಮ್ಮ ಹಳೆಯ ಕ್ರಿಯಾಪದಗಳು ಅವನ್ನು ಹೇಗೆ ಬರಮಾಡಿಕೊಂಡವು ಎಂಬುದು ನೋಡತಕ್ಕದ್ದು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. ಅವರ ವ್ಯಾಪಾರದ ದಾರಿಯಲ್ಲಿ ಅಮೆರಿಕ ಖಂಡದಿಂದ ಮೆಣಸಿನಕಾಯಿ ಬಂದಿತು. ಅದಕ್ಕೆ ಮೊದಲು ಖಾರವೆಂದರೆ ಕರಿಮೆಣಸು. ಮೆಣಸಿನಂತೆ ಖಾರವಾದ ಕಾಯಿಯಾದುದರಿಂದ ಹೊಸದು ‘ಮೆಣಸಿನಕಾಯಿ’ಯಾಯಿತು. ಶೇಂಗಾ ಬಂದದ್ದೂ ಅದೇ ಖಂಡದಿಂದ. ಕಡಲೆಯಂತೆ ಕಂಡುದರಿಂದ ‘ಕಡಲೆಕಾಯಿ’ಯಾಯಿತು. ಕಾಫಿಯನ್ನು ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಚಿಕ್ಕಮಗಳೂರಿನ ಗಿರಿಗೆ ತಂದರೆಂದು ಐತಿಹ್ಯ. ಈ ಮೂರು ಪರದೇಶಿಗಳಿಗೂ ಹೊಸ ಕ್ರಿಯಾಪದ ಬೇಕಾಗಲಿಲ್ಲ. ಮೆಣಸಿನಕಾಯಿಯನ್ನು ಹುರಿದೆವು, ಕಡಲೆಕಾಯಿಯನ್ನು ಹುರಿದೆವು, ಕಾಫಿಬೀಜವನ್ನು ಹುರಿದೆವು. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿಯನ್ನು ಮಾತ್ರ ಕರಿದೆವು. ಹೊರಗಿನಿಂದ ನಾಮಪದ ಬರಲಿ, ಕ್ರಿಯಾಪದ ನಮ್ಮದೇ ಇರಲಿ ಎಂಬುದು ಕನ್ನಡದ ಹಳೆಯ ನೀತಿ.

ಈ ನೀತಿ ನಮ್ಮ ಕಾಲದಲ್ಲಿ ಸಡಿಲವಾಗುತ್ತಿದೆ. ನಗರದ ನಮ್ಮ ಮನೆಗಳಲ್ಲಿ ‘ಫ್ರೈ ಮಾಡು’ ಎಂಬ ಮಾತು ಒಲೆಯ ಪಕ್ಕದಲ್ಲಿ ಬಂದು ಕುಳಿತಿದೆ. ರವೆಯನ್ನು ಫ್ರೈ ಮಾಡು, ಈರುಳ್ಳಿಯನ್ನು ಫ್ರೈ ಮಾಡು, ಹಪ್ಪಳವನ್ನು ಫ್ರೈ ಮಾಡು. ಹುರಿಯುವುದು, ಬಾಡಿಸುವುದು, ಕರಿಯುವುದು ಮೂರೂ ಒಂದೇ ಖಾತೆಗೆ ಜಮೆಯಾದವು. ಲೆಕ್ಕ ಬರೆಯುವವನು ಮೂರು ಗಿರಾಕಿಗಳ ಹಣವನ್ನು ಒಂದೇ ಖಾತೆಯಲ್ಲಿ ಬರೆದರೆ ಸಂಜೆ ಏನಾಗುವುದೆಂದು ನಮ್ಮ ವೃತ್ತಿಯವರು ಬಲ್ಲರು. ಇಂಗ್ಲಿಷಿನವರಿಗೆ ‘ಫ್ರೈ’ ಒಂದಾದರೆ ‘ರೋಸ್ಟ್’ ಬೇರೊಂದಿದೆ. ಅವರೂ ಭೇದವನ್ನು ಬಿಟ್ಟವರಲ್ಲ. ನಾವು ಅವರಿಂದ ಒಂದು ಮಾತನ್ನು ಮಾತ್ರ ತಂದು, ಅದರಿಂದ ನಮ್ಮ ಮೂರನ್ನು ಮುಚ್ಚಿದೆವು. ಇದರಲ್ಲಿ ಲಾಭ ಯಾರಿಗೆ?

ಇದು ಬರಿಯ ಭಾಷಾಭಿಮಾನದ ಕೊರಗೆಂದು ತಿಳಿಯಬಾರದು. ನಮ್ಮ ಕಟ್ಟಡದಲ್ಲಿರುವ ಹಿರಿಯರೊಬ್ಬರಿಗೆ ವೈದ್ಯರು ‘ಫ್ರೈ ಮಾಡಿದ್ದನ್ನು ಬಿಡಿ’ ಎಂದರಂತೆ. ಮೊಮ್ಮಕ್ಕಳು ಅದನ್ನು ಮನೆಯಲ್ಲಿ ಹಾಗೆಯೇ ಹೇಳಿದರು. ಮುದುಕರು ವಡೆ-ಬೋಂಡಾಗಳೊಡನೆ ಹುರಿಗಡಲೆಯನ್ನೂ ಮಂಡಕ್ಕಿಯನ್ನೂ ಬಿಟ್ಟು, ಸಂಜೆಯ ಹೊತ್ತು ಬಾಯಿಗೆ ಹಾಕಿಕೊಳ್ಳಲು ಏನೂ ಇಲ್ಲದೆ ತಿಂಗಳುಗಟ್ಟಲೆ ಕಳೆದರು. ಊರಿನಿಂದ ಬಂದ ಅವರ ತಂಗಿ ಕೇಳಿದ್ದು ಒಂದೇ ಪ್ರಶ್ನೆ: ‘ವೈದ್ಯರು ಬೇಡವೆಂದದ್ದು ಕರಿದದ್ದನ್ನೋ, ಹುರಿದದ್ದನ್ನೋ?’ ಮತ್ತೆ ಹೋಗಿ ಕೇಳಿದಾಗ ಕರಿದದ್ದು ಮಾತ್ರವೆಂದು ಗೊತ್ತಾಯಿತು. ಒಂದು ಕ್ರಿಯಾಪದವನ್ನು ಕಳೆದುಕೊಂಡ ಮನೆಯಲ್ಲಿ ಒಬ್ಬ ಮುದುಕನ ಸಂಜೆಯ ಸುಖವೇ ಕಳೆದುಹೋಗಿತ್ತು.

ಹಬ್ಬದ ಕಟ್ಟಳೆಗಳೂ ಈ ಮಾತುಗಳ ಮೇಲೆ ನಿಂತಿವೆ. ನಾಗರ ಪಂಚಮಿಯ ದಿನ ಒಲೆಯ ಮೇಲೆ ಹಂಚಿಡಬಾರದು, ಕರಿಯಬಾರದು, ಹೆಚ್ಚಬಾರದು ಎಂಬ ಕಟ್ಟಳೆ ಅನೇಕ ಮನೆಗಳಲ್ಲಿದೆ. ಹಳೆಯ ಮೈಸೂರಿನ ಕಡೆ ಅಂದು ಹಬೆಯಲ್ಲಿ ಬೇಯಿಸಿದ ಕಡುಬು. ಉತ್ತರ ಕರ್ನಾಟಕದಲ್ಲಿ ಜೋಳದ ಅಳ್ಳನ್ನೂ ತಂಬಿಟ್ಟಿಗೆ ಬೇಕಾದುದನ್ನೂ ಮೊದಲೇ ಹುರಿದಿಟ್ಟುಕೊಂಡಿರುತ್ತಾರೆ. ಈ ಹಬ್ಬದ ಆಚರಣೆ ತಿಳಿಯಬೇಕಾದರೆ ಬೇಯಿಸು, ಹುರಿ, ಕರಿ ಎಂಬ ಮೂರು ಮಾತುಗಳು ಮನಸ್ಸಿನಲ್ಲಿ ಬೇರೆ ಬೇರೆಯಾಗಿ ಇರಲೇಬೇಕು. ಎಲ್ಲವೂ ‘ಫ್ರೈ’ ಮತ್ತು ‘ಕುಕ್’ ಆದ ಮನೆಯಲ್ಲಿ ಮಗುವಿಗೆ ಈ ಕಟ್ಟಳೆಯನ್ನು ಹೇಗೆ ವಿವರಿಸುವಿರಿ?

ಮಾತು ಸಾಯುವುದಿಲ್ಲವೆಂದು ಧೈರ್ಯವಾಗಿರುವವರಿಗೆ ಒಂದು ಎಚ್ಚರಿಕೆ. ಕನ್ನಡದಲ್ಲಿ ‘ಅಡು’ ಎಂಬ ಕ್ರಿಯಾಪದವಿತ್ತು. ಪಾಕಮಾಡು ಎಂದು ಅದರ ಅರ್ಥ. ‘ಅಡಿಗೆ’ ಹುಟ್ಟಿದ್ದು ಅದರಿಂದಲೇ. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ಗಾದೆಯಲ್ಲಿರುವ ‘ಅಟ್ಟ’ ಮನೆಯ ಅಟ್ಟವಲ್ಲ. ಅಡಿಗೆ ಮಾಡಿ ಮುಗಿಸಿದ ಮೇಲೆ ಎಂದರ್ಥ. ಇಂದು ಪಟ್ಟಣಗಳಲ್ಲಿ ‘ಅನ್ನವನ್ನು ಅಡು’ ಎನ್ನುವವರು ಎಲ್ಲಿದ್ದಾರೆ? ಹಳ್ಳಿಯ ಮಾತಿನಲ್ಲಿ ಅಲ್ಲಲ್ಲಿ ಉಳಿದಿರಬಹುದು. ನಾವು ‘ಅಡಿಗೆ ಮಾಡು’ ಎನ್ನುತ್ತೇವೆ. ಕ್ರಿಯಾಪದ ಹೋಗಿ, ನಾಮಪದಕ್ಕೆ ‘ಮಾಡು’ ಎಂಬ ಊರುಗೋಲು ಬಂತು. ‘ಫ್ರೈ ಮಾಡು’ ಎಂಬಲ್ಲಿ ನಡೆಯುತ್ತಿರುವುದೂ ಅದೇ. ಅಂದು ಹೋದದ್ದು ಒಂದು ಮಾತು, ಅದರ ಸ್ಥಾನಕ್ಕೆ ಬಂದದ್ದು ಅದರ ಮಗಳೇ. ಇಂದು ಹೋಗುತ್ತಿರುವುದು ಮೂರು ಮಾತುಗಳು, ಬರುತ್ತಿರುವುದು ಹೊರಗಿನ ಒಂದು.

ಹ್ಞಾಂ, ಕರಿಯುವ ಪಕ್ಷದವರು ಮುನಿಯಬಾರದು. ಕರಿದದ್ದನ್ನು ನಾನು ತೆಗಳುತ್ತಿಲ್ಲ. ದಕ್ಷಿಣ ಕನ್ನಡ-ಉಡುಪಿಗಳಿಂದ ಬಂದ ನಮ್ಮವರು ಮಾಟುಂಗಾ ಮೊದಲಾದ ಕಡೆ ಹೋಟೆಲುಗಳನ್ನು ತೆರೆದು, ವಡೆ-ಬೋಂಡಾಗಳನ್ನು ಕರಿದು, ಈ ಮಹಾನಗರಕ್ಕೆ ಉಣಬಡಿಸಿ, ಎಷ್ಟೋ ಕನ್ನಡ ಹುಡುಗರಿಗೆ ಹಗಲು ಕೆಲಸವನ್ನೂ ರಾತ್ರಿಶಾಲೆಯ ವಿದ್ಯೆಯನ್ನೂ ದೊರಕಿಸಿದರು. ಹಬ್ಬದ ಬಾಣಲೆಯನ್ನು ನಿತ್ಯದ ಬಾಣಲೆಯನ್ನಾಗಿ ಮಾಡಿದವರು ಅವರು. ಹುರಿದ ಬುತ್ತಿ ನಮ್ಮನ್ನು ಇಲ್ಲಿಗೆ ಕರೆತಂದರೆ ಕರಿಯುವ ಬಾಣಲೆ ನಮ್ಮನ್ನು ಇಲ್ಲಿ ನಿಲ್ಲಿಸಿತು. ಎರಡಕ್ಕೂ ನಾವು ಋಣಿಗಳು.

1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದು ರಾಜ್ಯವಾದವು. 1973ರ ನವೆಂಬರ್ 1ರಂದು ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು. ಒಂದಾದುದು ಭೂಪಟ. ಅಳ್ಳು-ಅರಳು, ಚುರುಮುರಿ-ಮಂಡಕ್ಕಿ-ಪುರಿ, ಹುರಿ-ಹೊರಿ ಎಂಬ ಭೇದಗಳು ಒಂದಾಗಬೇಕಾಗಿಲ್ಲ. ಅವು ಮನೆಯ ಸಿರಿ. ಆದರೆ ಅವುಗಳನ್ನು ಬಲ್ಲವರು ಇರಬೇಕು. ಫರ್ಡಿನಂಡ್ ಕಿಟ್ಟೆಲ್ಲರು 1894ರಲ್ಲಿ ಮಂಗಳೂರಿನಲ್ಲಿ ತಮ್ಮ ನಿಘಂಟನ್ನು ಪ್ರಕಟಿಸಿದರು. ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳ ದೊಡ್ಡ ನಿಘಂಟನ್ನು ಹೊರತಂದಿತು. ನಿಘಂಟು ಮಾತನ್ನು ಕಾಯ್ದಿಡುತ್ತದೆ, ನಿಜ. ಆದರೆ ಮಾತು ಬದುಕುವುದು ಒಲೆಯ ಮುಂದೆ.

ಆದುದರಿಂದ ಸಂಘದ ಸದಸ್ಯ ಕುಟುಂಬಗಳಲ್ಲಿ ನನ್ನ ವಿನಂತಿ ಸಣ್ಣದು. ಮನೆಯ ಹಿರಿಯರು ಅಡಿಗೆಮನೆಯಲ್ಲಿ ಬಳಸುವ ಕ್ರಿಯಾಪದಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ದೋಸೆಯನ್ನು ಹೊಯ್ಯುವುದು, ರೊಟ್ಟಿಯನ್ನು ತಟ್ಟುವುದು ಅಥವಾ ಬಡಿಯುವುದು, ಅನ್ನವನ್ನು ಬಸಿಯುವುದು, ಹಾಲನ್ನು ಕಾಸುವುದು, ಹಿಟ್ಟನ್ನು ನಾದುವುದು, ರವೆಯನ್ನು ಹುರಿಯುವುದು, ಸಂಡಿಗೆಯನ್ನು ಕರಿಯುವುದು. ಯಾವ ಊರಿನ ಮಾತೆಂಬುದನ್ನೂ ಪಕ್ಕದಲ್ಲಿ ಗುರುತುಮಾಡಿ. ಮಕ್ಕಳನ್ನು ಕರೆದು ಕೈಗೆ ಸೌಟು ಕೊಟ್ಟು, ಮೂಗಿನಿಂದ ಹುರಿಯುವುದನ್ನೂ ಕಿವಿಯಿಂದ ಕರಿಯುವುದನ್ನೂ ಕಲಿಸಿ. ಕನ್ನಡ ಅಕ್ಷರ ಕಲಿಸಲು ಪುರುಸೊತ್ತಿಲ್ಲವೆನ್ನುವ ಮನೆಯಲ್ಲಿಯೂ ದಿನಕ್ಕೆರಡು ಸಲ ಒಲೆ ಉರಿಯುತ್ತದೆ. ಆ ಹೊತ್ತಿಗೆ ಸರಿಯಾದ ಕ್ರಿಯಾಪದವನ್ನು ಸರಿಯಾದ ಬಾಣಲೆಗೆ ಹಾಕಿದರೆ ಸಾಕು. ಒಂದು ಪಾಠ ಆದಂತೆಯೇ. ಅಟ್ಟ ಮೇಲೆ ಒಲೆ ಉರಿದು ಪ್ರಯೋಜನವಿಲ್ಲ.